ಚುಚ್ಚಿದ ಮೇಲೆ ಹೇಗಿದ್ದೀರಿ ಎಂದು ಯಾರೂ ಕೇಳಲಿಲ್ಲ

ಮಲ್ಪೆ ಬಂದರಿನಲ್ಲಿ ನಸುಕಿಗೇ ಬುಟ್ಟಿ ಹಿಡಿದು ನಿಲ್ಲುವ ಹೆಂಗಸರಲ್ಲಿ ನಮ್ಮ ನೆರೆಮನೆಯ ಅಕ್ಕನೂ ಒಬ್ಬರು. ಹೆಸರು ಹಾಕುವುದು ಬೇಡ ಎಂದಿದ್ದಾರೆ, ಹಾಗಾಗಿ ಅಕ್ಕ ಎಂದೇ ಬರೆಯುತ್ತೇನೆ. ಅವರ ಬೆರಳು ನೋಡಿದರೆ ನಿಮಗೆ ಅರ್ಥವಾಗುತ್ತದೆ. ಗೆಣ್ಣುಗಳು ದಪ್ಪ, ನಾಲ್ಕೂ ಬೆರಳು ಕಿರುಬೆರಳಿನ ಕಡೆಗೆ ವಾಲಿವೆ. ಮಂಜುಗಡ್ಡೆಯೊಳಗೆ ಕೈ ಹಾಕಿ ಬಂಗುಡೆ ಎತ್ತಿ ಎತ್ತಿ ಹೀಗಾಯಿತು ಎಂದು ಊರವರು ಹೇಳುತ್ತಾರೆ. ಅದಲ್ಲ. ಅವರಿಗಿರುವುದು ರುಮಟಾಯ್ಡ್ ಆರ್ಥ್ರೈಟಿಸ್. ಬಹಳ ವರ್ಷದಿಂದ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ನುಂಗುತ್ತಾರೆ.

2021ರ ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಕೋವಿಡ್ ಲಸಿಕೆ ಎಂದಾಗ ಅಕ್ಕನೂ ಹೊರಟರು. ಹೋಗುವ ಮೊದಲು ಒಂದು ಪ್ರಶ್ನೆ ಇತ್ತು: "ನಾನು ವಾತದ ಮಾತ್ರೆ ತಿನ್ನುವವಳು, ನನಗೆ ಇದು ಆಗ್ತದಾ?" ಮೂರು ಕಡೆ ಕೇಳಿದರು. ಮೂರು ಉತ್ತರ ಸಿಕ್ಕಿತು. ಚುಚ್ಚುವ ಜಾಗದಲ್ಲಿ "ಶುಗರ್ ಉಂಟಾ, ಬಿಪಿ ಉಂಟಾ? ಇಲ್ಲದಿದ್ದರೆ ಕೂತ್ಕೊಳ್ಳಿ" ಎಂದರು. ಮದ್ದಿನಂಗಡಿಯವರು ಸ್ವಲ್ಪ ದಿನ ಮಾತ್ರೆ ನಿಲ್ಲಿಸಿ ಎಂದರು, ಸ್ವಲ್ಪ ದಿನ ಎಂದರೆ ಎಷ್ಟು ಎಂದು ಹೇಳಲಿಲ್ಲ. ಅಳಿಯನ ಮೊಬೈಲಿಗೆ ಬಂದ ಒಂದು ವಾಯ್ಸ್ ಮೆಸೇಜಿನಲ್ಲಿ ವಾತ ಇದ್ದವರು ಲಸಿಕೆ ತಗೊಂಡರೆ ಹಾಸಿಗೆ ಹಿಡಿಯುತ್ತಾರೆ ಎಂದಿತ್ತು.

ಅಕ್ಕ ಲಸಿಕೆ ಹಾಕಿಸಿಕೊಂಡರು. ಮಾತ್ರೆ ಬಿಟ್ಟರು. ಎರಡು ದಿನ ಜ್ವರ, ಮೈಕೈ ನೋವು. ಅದು ಹೋಯಿತು. ಆದರೆ ಮೂರು ನಾಲ್ಕು ವಾರ ಕಳೆಯುವಾಗ ಬೆರಳು ಊದತೊಡಗಿತು. ಬೆಳಗ್ಗೆ ಎದ್ದರೆ ಎರಡು ಗಂಟೆ ಮುಷ್ಟಿ ಕಟ್ಟಲಾಗುತ್ತಿರಲಿಲ್ಲ. ಹೇಗೂ ಲಾಕ್‌ಡೌನ್, ಆಮೇಲೆ ಮಳೆಗಾಲದ ಮೀನುಗಾರಿಕೆ ನಿಷೇಧ, ಯಾರಿಗೂ ಗೊತ್ತಾಗಲಿಲ್ಲ. ಆಗಸ್ಟಿನಲ್ಲಿ ಬೋಟು ಕಡಲಿಗಿಳಿದಾಗ ಅಕ್ಕನಿಗೆ ಬುಟ್ಟಿ ಎತ್ತಲಾಗಲಿಲ್ಲ. ಡಾಕ್ಟರಲ್ಲಿಗೆ ಹೋಗಿ ಮಾತ್ರೆ ಮತ್ತೆ ಶುರು ಮಾಡಿ, ಕೈ ಒಂದು ಹದಕ್ಕೆ ಬರುವಾಗ ದೀಪಾವಳಿ ಬಂದಿತ್ತು. ಒಂದು ಸೀಸನ್ನಿನ ಮೊದಲರ್ಧ ಹೋಯಿತು. ಮೀನು ಮಾರುವವರ ಮನೆಯಲ್ಲಿ ಅದೆಂಥ ನಷ್ಟ ಎಂದು ನಮ್ಮ ಕರಾವಳಿಯವರಿಗೆ ಹೇಳಬೇಕಿಲ್ಲ.

ಕೈ ಊದಿದ್ದು ಲಸಿಕೆಯಿಂದಲಾ, ಮಾತ್ರೆ ಬಿಟ್ಟದ್ದರಿಂದಲಾ?

ನನಗೆ ಮಾತ್ರೆ ಬಿಟ್ಟದ್ದರಿಂದ ಅನಿಸುತ್ತದೆ. ಅಕ್ಕನಿಗೆ ಲಸಿಕೆಯಿಂದ ಅನಿಸುತ್ತದೆ. ಇಬ್ಬರಲ್ಲಿ ಯಾರು ಸರಿ ಎಂದು ಈಗ ಯಾರೂ ಹೇಳಲಾರರು. ಯಾಕೆಂದರೆ ಯಾವ ದಿನ ಲಸಿಕೆ ಎಂಬುದು ಕೋವಿನ್ ಸರ್ಟಿಫಿಕೇಟಿನಲ್ಲಿದೆ, ಪ್ರಧಾನಿಯವರ ಫೋಟೋ ಸಮೇತ. ಆದರೆ ಯಾವ ದಿನ ಮಾತ್ರೆ ನಿಂತಿತು, ಯಾವ ದಿನ ಬೆರಳು ಬಿಗಿಯಿತು, ಲಸಿಕೆಗೆ ಮೊದಲು ನೋವು ಎಷ್ಟಿತ್ತು ಎಂಬುದು ಎಲ್ಲಿಯೂ ಇಲ್ಲ. ಚುಚ್ಚಿದ ಮೇಲೆ 30 ನಿಮಿಷ ಕೂರಿಸಿದರು, ಕಳಿಸಿದರು. ಒಂದು ವಾರ ಬಿಟ್ಟು, ಒಂದು ತಿಂಗಳು ಬಿಟ್ಟು "ಹೇಗಿದ್ದೀರಿ" ಎಂದು ಯಾರೂ ಕೇಳಲಿಲ್ಲ. ಈ ಬರಹದ ತಕರಾರು ಇಷ್ಟೇ.

ಮೊದಲು ಕಾಯಿಲೆಯ ಬಗ್ಗೆ ಒಂದೆರಡು ಮಾತು. ನಮ್ಮಲ್ಲಿ ಕೈಕಾಲು ನೋವಿಗೆಲ್ಲ "ವಾತ" ಎನ್ನುವ ಒಂದೇ ಹೆಸರು. ವಯಸ್ಸಾಗಿ ಮೊಣಕಾಲಿನ ಎಲುಬು ಸವೆಯುವುದು ಬೇರೆ. ಆಟೋಇಮ್ಯೂನ್ ಕಾಯಿಲೆ ಬೇರೆ. ಮನೆ ಕಾಯುವ ನಾಯಿ ಕಳ್ಳನನ್ನು ಬಿಟ್ಟು ಮನೆಯವರನ್ನೇ ಕಚ್ಚಿದ ಹಾಗೆ ಇದು. ಸೋಂಕಿನ ವಿರುದ್ಧ ಹೋರಾಡಬೇಕಾದ ದೇಹದ ಪಡೆ ತನ್ನದೇ ಗಂಟುಗಳ ಮೇಲೆ, ಚರ್ಮದ ಮೇಲೆ, ಮೂತ್ರಪಿಂಡದ ಮೇಲೆ ಎರಗುತ್ತದೆ. ರುಮಟಾಯ್ಡ್ ಆರ್ಥ್ರೈಟಿಸ್, ಲೂಪಸ್, ಸೋರಿಯಾಸಿಸ್ ಜೊತೆ ಬರುವ ಸಂಧಿವಾತ, ಬಾಯಿ ಕಣ್ಣು ಒಣಗಿಸುವ ಶೋಗ್ರೆನ್, ಸ್ನಾಯು ಸೋಲಿಸುವ ಮಯೋಸೈಟಿಸ್, ಹೀಗೆ ಸುಮಾರು ಉಂಟು. ಇವುಗಳಲ್ಲಿ ಹೆಚ್ಚಿನವು ಹೆಂಗಸರನ್ನೇ ಹುಡುಕಿಕೊಂಡು ಬರುತ್ತವೆ. ಲೂಪಸ್ ಇರುವ ಹತ್ತು ಜನರಲ್ಲಿ ಒಂಬತ್ತು ಮಂದಿ ಹೆಂಗಸರು.

ನಾಯಿಯನ್ನು ಕೊಲ್ಲಲಾಗುವುದಿಲ್ಲ, ಕಟ್ಟಿಹಾಕಬೇಕು. ಮೆಥೊಟ್ರೆಕ್ಸೇಟ್, ಸ್ಟಿರಾಯ್ಡ್, ಅಜಥಯೋಪ್ರಿನ್, ಮೈಕೋಫಿನೊಲೇಟ್, ಆರು ತಿಂಗಳಿಗೊಮ್ಮೆ ಡ್ರಿಪ್‌ನಲ್ಲಿ ಕೊಡುವ ರಿಟುಕ್ಸಿಮ್ಯಾಬ್, ಇವೆಲ್ಲ ಆ ಹಗ್ಗಗಳು. ಕಟ್ಟಿಹಾಕಿದ ನಾಯಿ ಕಳ್ಳ ಬಂದಾಗಲೂ ಸ್ವಲ್ಪ ನಿಧಾನವೇ. ಅದಕ್ಕೇ ಇವರಿಗೆ ಸೋಂಕು ಬೇಗ ತಾಗಬಹುದು, ತಾಗಿದರೆ ಜೋರಾಗಬಹುದು. ಲಸಿಕೆ ಇವರಿಗೆ ಬೇರೆಯವರಿಗಿಂತ ಹೆಚ್ಚು ಬೇಕು. ಅದೇ ಔಷಧಿಯಿಂದಾಗಿ ಲಸಿಕೆ ಇವರಲ್ಲಿ ಸ್ವಲ್ಪ ಕಡಿಮೆ ಕೆಲಸ ಮಾಡುವುದೂ ಉಂಟು.

ಇಲ್ಲೊಂದು ಮಾತು ಸೇರಿಸುತ್ತೇನೆ, ವಿಷಯಕ್ಕೆ ಹೊರಗಿನದಾದರೂ. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ತಿನ್ನುವ ಮಾತ್ರೆ. ತಪ್ಪಿ ದಿನಾ ತಿಂದರೆ ಜೀವಕ್ಕೇ ಅಪಾಯ. ಮನೆಯಲ್ಲಿ ಅಜ್ಜಿಗೆ ಈ ಮಾತ್ರೆ ಇದ್ದರೆ ಯಾವ ವಾರ ಎಂದು ಚೀಟಿಯ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆದಿಡಿ.

ಈಗ 2021ಕ್ಕೆ ವಾಪಸ್. ಅಕ್ಕನಿಗೆ ಮೂರು ಉತ್ತರ ಸಿಕ್ಕಿದ್ದಕ್ಕೆ ಊರವರನ್ನೇ ಬೈಯುವುದು ಸರಿಯಲ್ಲ. ಮೇಲಿನಿಂದಲೇ ಎರಡು ಮಾತು ಬಂದಿತ್ತು. ಜನವರಿ 16ರಂದು ದೇಶದಲ್ಲಿ ಲಸಿಕೆ ಶುರುವಾಯಿತು. ಅದೇ ವಾರದಲ್ಲಿ ಕೋವ್ಯಾಕ್ಸಿನ್ ಕಂಪನಿ ಹೊರಡಿಸಿದ ಮಾಹಿತಿ ಪತ್ರದಲ್ಲಿ, ರೋಗನಿರೋಧಕ ಶಕ್ತಿ ಕುಂದಿದವರು, ಅದರ ಮೇಲೆ ಪರಿಣಾಮ ಬೀರುವ ಔಷಧಿ ತೆಗೆದುಕೊಳ್ಳುವವರು ಈ ಲಸಿಕೆ ಹಾಕಿಸಿಕೊಳ್ಳಬಾರದು ಎಂದಿತ್ತು. ಮಾರ್ಚ್ 1ರಿಂದ 45 ದಾಟಿದ, ಬೇರೆ ಕಾಯಿಲೆ ಇರುವವರಿಗೆ ಲಸಿಕೆ ಎಂದು ಕೇಂದ್ರ ಸರ್ಕಾರ 20 ಕಾಯಿಲೆಗಳ ಪಟ್ಟಿ ಕೊಟ್ಟಿತಲ್ಲ, ಅದರಲ್ಲಿ ಬಹಳ ದಿನದಿಂದ ಸ್ಟಿರಾಯ್ಡ್ ಮಾತ್ರೆ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತಿನ್ನುವವರೂ ಇದ್ದರು. ಜನವರಿಯಲ್ಲಿ "ನೀವು ಬೇಡ", ಮಾರ್ಚಿನಲ್ಲಿ "ನೀವು ಮೊದಲು". ನಡುವೆ ಯಾರೂ ಬಂದು ಯಾಕೆ ಬದಲಾಯಿತು ಎಂದು ಹೇಳಲಿಲ್ಲ.

ಇದೇ ಜನ ಅದಕ್ಕೂ ಒಂದು ವರ್ಷ ಮೊದಲು ಇನ್ನೊಂದು ಪೆಟ್ಟು ತಿಂದಿದ್ದರು. 2020ರ ಮಾರ್ಚಿನಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ ಕೊರೋನಾಕ್ಕೆ ಮದ್ದು ಎಂಬ ಗುಲ್ಲೆದ್ದು, ಯಾರಿಗೆ ಬೇಕೋ ಬೇಡವೋ ಎಲ್ಲರೂ ಕೊಂಡು ಇಟ್ಟುಕೊಂಡರು. ಲೂಪಸ್, ಸಂಧಿವಾತ ಇದ್ದವರಿಗೆ ಅದು ದಿನನಿತ್ಯದ ಮಾತ್ರೆ. ಸರ್ಕಾರ ಮಾರ್ಚ್ 26ಕ್ಕೆ ಚೀಟಿ ಇಲ್ಲದೆ ಮಾರಬಾರದೆಂದು ಕಟ್ಟುನಿಟ್ಟು ಮಾಡಿತು. ಆದರೆ ಅಂಗಡಿಯ ಡಬ್ಬಿ ಅಷ್ಟರಲ್ಲಿ ಖಾಲಿ. ಹಾಗಾಗಿ ಲಸಿಕೆ ಬರುವಾಗ ಇವರಲ್ಲಿ ಅನೇಕರ ಕಾಯಿಲೆ ಮೊದಲೇ ಕೆದರಿಕೊಂಡಿತ್ತು. ಯಾವುದರಿಂದ ಯಾವುದು ಆಯಿತು ಎಂದು ಬಿಡಿಸುವುದು ಇದರಿಂದಲೂ ಕಷ್ಟ.

ವೈದ್ಯರಿಗಾದರೂ ಗೊತ್ತಿತ್ತಾ ಎಂದರೆ, ಮೊದಮೊದಲು ಅವರಿಗೂ ಹೆಚ್ಚು ಗೊತ್ತಿರಲಿಲ್ಲ. ಹೊಸ ಲಸಿಕೆಯ ಪರೀಕ್ಷೆಗೆ ಸಾಮಾನ್ಯವಾಗಿ ಆರೋಗ್ಯವಂತರನ್ನೇ ಆರಿಸುತ್ತಾರೆ. ಈ ಔಷಧಿ ತಿನ್ನುವವರನ್ನು ಹೊರಗಿಡುತ್ತಾರೆ. ಪರೀಕ್ಷೆಯಲ್ಲೇ ಇಲ್ಲದವರಿಗೆ ಏನಾಗುತ್ತದೆ ಎಂದು ತಿಳಿಯಲು ಒಂದೇ ದಾರಿ, ಅವರನ್ನೇ ಕೇಳುವುದು.

ಹಾಗೆ ಕೇಳಿದ ಒಂದು ಕೆಲಸ ನಮ್ಮ ದೇಶದಿಂದಲೇ ಹೊರಟಿತು ಎನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಕೋವ್ಯಾಡ್ ಎಂದು ಅದರ ಹೆಸರು. ಆಗ ಲಕ್ನೋದ ಸಂಜಯ ಗಾಂಧಿ ಸ್ನಾತಕೋತ್ತರ ಸಂಸ್ಥೆಯಲ್ಲಿದ್ದ ಸಂಧಿರೋಗ ತಜ್ಞೆ ಡಾ. ಲತಿಕಾ ಗುಪ್ತಾ ಮುಂದಾಳತ್ವದಲ್ಲಿ 2021ರಲ್ಲಿ ಶುರುವಾದ ಸಮೀಕ್ಷೆ. ಪ್ರಶ್ನೆಪತ್ರವನ್ನು 18 ಭಾಷೆಗೆ ತಿರುಗಿಸಿ ಹಲವು ದೇಶಗಳ ರೋಗಿಗಳಿಗೆ ಆನ್‌ಲೈನ್‌ನಲ್ಲಿ ಕಳಿಸಿದರು. ಯಾವ ಲಸಿಕೆ, ಆಮೇಲೆ ಏನಾಯಿತು, ಕಾಯಿಲೆ ಕೆದರಿತಾ, ದಣಿವು ಎಷ್ಟು, ನೋವು ಎಷ್ಟು, ನಡೆಯಲು ಆಗುತ್ತದಾ, ಎಲ್ಲವನ್ನೂ ರೋಗಿಯೇ ಬರೆಯಬೇಕು. ನಡುವೆ ಡಾಕ್ಟರು ಇಲ್ಲ.

ಬಂದ ಉತ್ತರದ ಸಾರ ಇದು. ಚುಚ್ಚಿದ ಜಾಗದಲ್ಲಿ ನೋವು, ಜ್ವರ, ಸುಸ್ತು ಇವರಿಗೂ ಬೇರೆಯವರಂತೆಯೇ ಸಾಮಾನ್ಯ. ಆಸ್ಪತ್ರೆ ಸೇರುವಷ್ಟು ತೊಂದರೆ ಬಹಳ ಅಪರೂಪ. ಹೆಚ್ಚಿನವರ ಕಾಯಿಲೆ ಕೆದರಲಿಲ್ಲ. ಕೆದರಿತು ಎಂದವರು ಸುಮಾರು ಹತ್ತರಲ್ಲೊಬ್ಬರು, ಮತ್ತು "ಕೆದರುವುದು" ಎಂದರೆ ಏನು ಎನ್ನುವುದರ ಮೇಲೆ ಆ ಲೆಕ್ಕ ಹೆಚ್ಚು ಕಡಿಮೆ ಆಗುತ್ತದೆ. ಹತ್ತರಲ್ಲೊಬ್ಬರು ಎಂಬುದನ್ನು ಹೆದರಿಕೆಗೂ ಬಳಸಬಹುದು, ಧೈರ್ಯಕ್ಕೂ ಬಳಸಬಹುದು. ನಾನು ಎರಡಕ್ಕೂ ಬಳಸುವುದಿಲ್ಲ. ಲಸಿಕೆ ಇಲ್ಲದೆಯೂ ಈ ಕಾಯಿಲೆಗಳು ವರ್ಷದಲ್ಲಿ ಆಗಾಗ ಕೆದರುತ್ತವೆ. ಕೋವಿಡ್ ಬಂದರಂತೂ ಕೆದರುತ್ತವೆ. ಹಾಗೆಂದು ಆ ಹತ್ತನೆಯವರ ನೋವು ಸುಳ್ಳಲ್ಲ.

ಈ ಸಮೀಕ್ಷೆಯಲ್ಲೂ ಒಂದು ತೂತು ಉಂಟು. ಆನ್‌ಲೈನ್ ಫಾರ್ಮ್ ತುಂಬುವವರು ಯಾರು? ಸ್ಮಾರ್ಟ್‌ಫೋನ್ ಇದ್ದವರು, ತಮ್ಮ ಕಾಯಿಲೆಯ ಹೆಸರು ಸರಿಯಾಗಿ ಗೊತ್ತಿದ್ದವರು, ಅರ್ಧ ಗಂಟೆ ಬಿಡುವು ಇದ್ದವರು. ಮಲ್ಪೆಯ ಅಕ್ಕ ಅದರಲ್ಲಿ ಇಲ್ಲ. ಕಾಪುವಿನಲ್ಲಿ ಬೀಡಿ ಕಟ್ಟುವವರು ಇಲ್ಲ. ಕಾರ್ಕಳದ ಗೇರುಬೀಜ ಕಾರ್ಖಾನೆಗೆ ಹೋಗುವವರೂ ಇಲ್ಲ. ಬೆರಳಿನಿಂದಲೇ ಬದುಕುವವರು ಇವರು.

ಮಾತ್ರೆ ನಿಲ್ಲಿಸುವ ವಿಷಯಕ್ಕೆ ಬರುತ್ತೇನೆ, ಅಕ್ಕನ ಕಥೆಯ ಗಂಟು ಅಲ್ಲೇ ಇರುವುದು. ಮದ್ದಿನಂಗಡಿಯವರು ಹೇಳಿದ್ದು ಪೂರ್ತಿ ಬುರುಡೆಯಲ್ಲ. ಮೆಥೊಟ್ರೆಕ್ಸೇಟನ್ನು ಲಸಿಕೆಯ ಮೇಲೆ ಸ್ವಲ್ಪ ದಿನ ನಿಲ್ಲಿಸಿದರೆ ಲಸಿಕೆ ಚೆನ್ನಾಗಿ ಹಿಡಿಯುತ್ತದೆ ಎನ್ನುವುದು ನಿಜ. ಬ್ರಿಟನ್ನಿನಲ್ಲಿ 254 ಜನರ ಮೇಲೆ ನಡೆದ ಪರೀಕ್ಷೆ 2022ರಲ್ಲಿ ಪ್ರಕಟವಾಯಿತು. ಬೂಸ್ಟರ್ ಡೋಸಿನ ನಂತರ ಎರಡು ವಾರ ಮಾತ್ರೆ ನಿಲ್ಲಿಸಿದವರಲ್ಲಿ ಪ್ರತಿಕಾಯಗಳು ಸುಮಾರು ಎರಡು ಪಟ್ಟು ಇದ್ದವು. ಆದರೆ ಅವರಲ್ಲಿ ಮೊದಲ ಕೆಲವು ವಾರ ನೋವು ಕೆದರಿದ್ದೂ ಹೆಚ್ಚು. ಮೂರು ತಿಂಗಳಾಗುವಾಗ ಆ ವ್ಯತ್ಯಾಸ ಉಳಿದಿರಲಿಲ್ಲ.

ನಮಗೆ ಇನ್ನೂ ಹತ್ತಿರದ ಲೆಕ್ಕ ಕೊಚ್ಚಿಯದು. ಅಲ್ಲಿನ ಡಾ. ಪದ್ಮನಾಭ ಶೆಣೈ ಮತ್ತು ಸಂಗಡಿಗರು ನಾವು ಹಾಕಿಸಿಕೊಂಡ ಕೋವಿಶೀಲ್ಡ್ ಲಸಿಕೆಯನ್ನೇ ಹಿಡಿದು ಪರೀಕ್ಷೆ ಮಾಡಿದರು. ಎರಡೂ ಡೋಸಿನ ನಂತರ ಎರಡೆರಡು ವಾರ ಮೆಥೊಟ್ರೆಕ್ಸೇಟ್ ನಿಲ್ಲಿಸಿದರೆ ಪ್ರತಿಕಾಯ ಹೆಚ್ಚು, ಆದರೆ ಸಂಧಿವಾತ ಕೆದರುವುದೂ ಹೆಚ್ಚು. ಎರಡನೇ ಡೋಸಿನ ನಂತರ ಮಾತ್ರ ನಿಲ್ಲಿಸಿದರೆ ಪ್ರತಿಕಾಯ ಹೆಚ್ಚುಕಡಿಮೆ ಅಷ್ಟೇ, ಕೆದರುವುದು ಕಡಿಮೆ. ಅದೇ ಅರಬ್ಬೀ ಕಡಲಿನ ಇನ್ನೊಂದು ಬಂದರಿನಲ್ಲಿ ಸಿಕ್ಕಿದ ಉತ್ತರ ಇದು. ಮಲ್ಪೆಗೆ ಬರಲೇ ಇಲ್ಲ.

ಎರಡು ವಾರ ಎಲ್ಲಿ, ಅಕ್ಕ ಬಿಟ್ಟ ನಾಲ್ಕು ತಿಂಗಳು ಎಲ್ಲಿ? ಎರಡು ವಾರ ಎಂದು ಚೀಟಿಯಲ್ಲಿ ಬರೆದು, ಆಮೇಲೆ ಒಂದು ಫೋನ್ ಮಾಡಿ "ಶುರು ಮಾಡಿದಿರಾ" ಎಂದು ಕೇಳಿದ್ದರೆ ಸಾಕಿತ್ತು.

ಹಾಗೆಂದು ಇದನ್ನು ಓದಿ ನೀವು ನಿಮ್ಮಷ್ಟಕ್ಕೆ ಎರಡು ವಾರ ಮಾತ್ರೆ ನಿಲ್ಲಿಸಬೇಡಿ, ಮಾರಾಯ್ರೆ. ಒಂದೊಂದು ಔಷಧಿಗೆ ಒಂದೊಂದು ಲೆಕ್ಕ. ಸ್ಟಿರಾಯ್ಡನ್ನು ಏಕಾಏಕಿ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು. ರಿಟುಕ್ಸಿಮ್ಯಾಬ್ ತೆಗೆದುಕೊಳ್ಳುವವರು ಮುಂದಿನ ಡೋಸಿಗೆ ಮೊದಲೇ ಲಸಿಕೆ ಹಾಕಿಸುವ ಹಾಗೆ ದಿನ ನೋಡಬೇಕು, ಡೋಸ್ ಆದ ಕೂಡಲೇ ಹಾಕಿಸಿದರೆ ಲಸಿಕೆ ಹಿಡಿಯುವುದೇ ಕಡಿಮೆ. ಕೋವಿಶೀಲ್ಡ್, ಕೋವ್ಯಾಕ್ಸಿನ್, ಫ್ಲೂ ಇಂಜೆಕ್ಷನ್, ನ್ಯುಮೋನಿಯಾದ ಲಸಿಕೆ ಇವುಗಳಲ್ಲಿ ದೇಹದೊಳಗೆ ಬೆಳೆಯಬಲ್ಲ ಜೀವಂತ ರೋಗಾಣು ಇಲ್ಲ. ದಡಾರ, ಚಿಕನ್‌ಪಾಕ್ಸ್, ಹಳದಿ ಜ್ವರದ ಲಸಿಕೆಗಳಲ್ಲಿ ಬಲಗುಂದಿಸಿದ ಜೀವಂತ ವೈರಸ್ ಇರುತ್ತದೆ, ಅವನ್ನು ಈ ಔಷಧಿಗಳ ಮೇಲಿರುವವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಹಡಗಿನ ಕೆಲಸಕ್ಕೆಂದು ಆಫ್ರಿಕಾ ಕಡೆಗೆ ಹೊರಡುವ ನಮ್ಮ ಹುಡುಗರಿಗೆ ಹಳದಿ ಜ್ವರದ ಲಸಿಕೆ ಕೇಳುತ್ತಾರೆ. ಸೋರಿಯಾಸಿಸ್‌ಗೆ ಮಾತ್ರೆ ತಿನ್ನುವವನು ಅಲ್ಲಿ ಬಾಯಿ ಬಿಟ್ಟು ಹೇಳಬೇಕು. ಇನ್ನು ಥೈರಾಯ್ಡಿನ ಹಾಶಿಮೊಟೊ, ಚಿಕ್ಕಂದಿನಲ್ಲೇ ಬರುವ ಟೈಪ್ 1 ಡಯಾಬಿಟಿಸ್ ಇವೂ ಆಟೋಇಮ್ಯೂನ್ ಕಾಯಿಲೆಗಳೇ. ಆದರೆ ಅವಕ್ಕೆ ತಿನ್ನುವ ಥೈರಾಕ್ಸಿನ್, ಚುಚ್ಚುವ ಇನ್ಸುಲಿನ್ ಹಗ್ಗವಲ್ಲ, ಅವನ್ನು ಲಸಿಕೆಗೆಂದು ನಿಲ್ಲಿಸುವ ಪ್ರಶ್ನೆಯೇ ಇಲ್ಲ.

ಈಗ ನನ್ನ ಮುಖ್ಯ ವಾದ. ಕೇಳಬೇಕು ಎನ್ನುತ್ತೇನಲ್ಲ, ಹೇಗೆ ಕೇಳುವುದು?

ನಮ್ಮೂರಲ್ಲಿ ಯಾರನ್ನಾದರೂ "ಎಂಚ ಉಲ್ಲರ್" ಎಂದು ತುಳುವಿನಲ್ಲಿ ಕೇಳಿ. "ಉಸಾರುಲ್ಲೆ" ಎನ್ನುತ್ತಾರೆ. ಕೈ ಎತ್ತಲಾಗದಿದ್ದರೂ ಉಸಾರೇ. ಡಾಕ್ಟರು ಕೇಳಿದರೂ "ಪರವಾಗಿಲ್ಲ ಡಾಕ್ಟ್ರೇ". ಹೊರಗೆ ಇನ್ನೂ ನಲವತ್ತು ಜನ ಕಾಯುತ್ತಿದ್ದಾರೆ ಎಂದು ಅವರಿಗೂ ಗೊತ್ತು. ಇದು ಮರ್ಯಾದೆಯ ಉತ್ತರ, ಆರೋಗ್ಯದ ಉತ್ತರ ಅಲ್ಲ. ಅದಕ್ಕೇ ಪ್ರಶ್ನೆ ಬೇರೆ ಥರ ಇರಬೇಕು.

ಸಂಧಿರೋಗದ ವೈದ್ಯರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ರುಮಟಾಯ್ಡ್ ಎಷ್ಟು ಜೋರಿದೆ ಎಂದು ಅಳೆಯಲು ಅವರು ಬಳಸುವ ಒಂದು ಲೆಕ್ಕದಲ್ಲಿ ನಾಲ್ಕು ಭಾಗ. 28 ಗಂಟುಗಳಲ್ಲಿ ಎಷ್ಟು ನೋಯುತ್ತಿವೆ, ಎಷ್ಟು ಊದಿವೆ, ರಕ್ತಪರೀಕ್ಷೆ ಏನು ಹೇಳುತ್ತದೆ, ಮತ್ತು ನಾಲ್ಕನೆಯದು ರೋಗಿ ತಾನೇ ತನ್ನ ಸ್ಥಿತಿಗೆ ಕೊಡುವ ಅಂಕ. ಅಂದರೆ ರೋಗಿ ಬಾಯಿ ತೆರೆಯದೆ ಲೆಕ್ಕ ಪೂರ್ತಿಯಾಗುವುದೇ ಇಲ್ಲ. ದಿನದ ಕೆಲಸ ಎಷ್ಟಾಗುತ್ತದೆ ಎಂದು ಕೇಳುವ ಇನ್ನೊಂದು ಪ್ರಶ್ನೆಪತ್ರ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 1980ರ ಹೊತ್ತಿಗೆ ಹುಟ್ಟಿತು. ಅದನ್ನು ಇಲ್ಲಿಗೆ ಹಾಗೇ ತಂದರೆ ಆಗುವುದಿಲ್ಲ ಎಂದು ದೆಹಲಿಯ ಏಮ್ಸ್‌ನವರು ಭಾರತಕ್ಕೆ ಹೊಂದುವ 12 ಪ್ರಶ್ನೆ ಮಾಡಿದರು. ನೆಲದಲ್ಲಿ ಚಕ್ಕಳಮಕ್ಕಳ ಕೂರಲು ಆಗುತ್ತದಾ, ತರಕಾರಿ ಮಾರ್ಕೆಟ್ಟಿಗೆ ಹೋಗಿ ಬರಲು ಆಗುತ್ತದಾ, ರಿಕ್ಷಾ ಹತ್ತಿ ಇಳಿಯಲು ಆಗುತ್ತದಾ, ಇಂಥವು.

ಇದನ್ನೇ ಇನ್ನೊಂದು ಹೆಜ್ಜೆ ಕೆಳಗಿಳಿಸಿ ಕರಾವಳಿಗೆ ತನ್ನಿ. ಬೆಳಗ್ಗೆ ಎದ್ದು ಬೆರಳು ಸಡಿಲವಾಗಲು ಎಷ್ಟು ಹೊತ್ತು ಬೇಕು? ಮೀನು ಕೊಯ್ಯಲು ಕತ್ತಿ ಹಿಡಿಯಲಾಗುತ್ತದಾ? ತೆಂಗಿನಕಾಯಿ ತುರಿಯಲು ಯಾರನ್ನಾದರೂ ಕರೆಯಬೇಕಾ? ಒದ್ದೆ ಬಟ್ಟೆ ಹಿಂಡಲಾಗುತ್ತದಾ? ಮಾರ್ಕೆಟ್ಟಿನಿಂದ ಬಂದ ಮೇಲೆ ಮಲಗದೆ ಇರಲಾಗುತ್ತದಾ? ಈ ಪ್ರಶ್ನೆ ಕೇಳಿದರೆ ಅಕ್ಕ "ಉಸಾರುಲ್ಲೆ" ಎನ್ನುವುದಿಲ್ಲ. ನಾನು ಕೇಳಿ ನೋಡಿದ್ದೇನೆ. ಕಾಲು ಗಂಟೆ ಹೇಳಿದರು, ಕೊನೆಗೆ ಸೊಸೆಯ ಮೇಲಿನ ದೂರು ಕೂಡ ಬಂತು.

ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರ ಕೈಯಲ್ಲಿ 30 ದಾಟಿದವರಿಗೆ ತುಂಬುವ ಒಂದು ಫಾರ್ಮ್ ಇದೆ. ತಂಬಾಕು ತಿನ್ನುತ್ತೀರಾ, ಸೊಂಟದ ಅಳತೆ ಎಷ್ಟು, ಮನೆಯಲ್ಲಿ ಯಾರಿಗಾದರೂ ಬಿಪಿ ಶುಗರ್ ಇದೆಯಾ, ಹೀಗೆ. ಕುಷ್ಠದ ಸುಳಿವಿಗಾಗಿ ಕೈಕಾಲು ಜೋಮು ಹಿಡಿಯುತ್ತದಾ ಎಂದೂ ಕೇಳುತ್ತಾರೆ. ಒಳ್ಳೆಯದೇ. ಅದೇ ಕೈಯ ಬಗ್ಗೆ ಇನ್ನೊಂದೇ ಪ್ರಶ್ನೆ, ಬೆಳಗ್ಗೆ ಎಷ್ಟು ಹೊತ್ತು ಬಿಗಿದಿರುತ್ತದೆ ಎಂದು ಸೇರಿಸಿದರೆ ಎಷ್ಟೋ ಹೆಂಗಸರ ಕಾಯಿಲೆ ಬೆರಳು ವಾಲುವ ಮೊದಲೇ ಸಿಗುತ್ತದೆ. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುತ್ತೀರಾ ಎಂಬ ಇನ್ನೊಂದು ಪ್ರಶ್ನೆ ಇದ್ದರೆ ಯಾವ ಲಸಿಕೆ ಬಂದರೂ ಮೊದಲು ಯಾರನ್ನು ವಿಚಾರಿಸಬೇಕು ಎಂಬ ಪಟ್ಟಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಯಾರಿರುತ್ತದೆ.

ಆಶಾಗಳ ತಲೆ ಮೇಲೆ ಇನ್ನೊಂದು ಹೊರೆಯಾ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ತಿಂಗಳಿಗೆ ಹದಿನೈದು ಸಾವಿರ ಗೌರವಧನ ಕೊಡಿ ಎಂದು 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಚಳಿಯಲ್ಲಿ ರಾತ್ರಿ ಹಗಲು ಕೂತಿದ್ದನ್ನು ನಾವು ನೋಡಿದ್ದೇವೆ. ಬಿಟ್ಟಿ ಕೆಲಸ ಹೊರಿಸಿ ಎಂದು ನಾನು ಹೇಳುತ್ತಿಲ್ಲ. ಲಸಿಕೆ ಹಾಕಿಸಿದ್ದಕ್ಕೆ ಲೆಕ್ಕ ಹಾಕಿ ದುಡ್ಡು ಕೊಡುವ ಸರ್ಕಾರ, ಲಸಿಕೆ ಹಾಕಿಸಿಕೊಂಡವರನ್ನು ಒಂದು ತಿಂಗಳ ಮೇಲೆ ಮಾತಾಡಿಸಿ ಬರೆದುಕೊಂಡದ್ದಕ್ಕೂ ದುಡ್ಡು ಕೊಡಲಿ. ಎಲ್ಲರನ್ನಲ್ಲ. ಒಂದು ಊರಿನಲ್ಲಿ ಇಂಥ ಮಾತ್ರೆ ತಿನ್ನುವವರು ಕೆಲವೇ ಮಂದಿ ಇರುತ್ತಾರೆ.

ಇನ್ನೊಂದು ಆಕ್ಷೇಪ ಆರೋಗ್ಯ ಇಲಾಖೆಯವರ ಬಾಯಿಂದ ಖಾಸಗಿಯಾಗಿ ಕೇಳಿದ್ದೇನೆ. ಕೇಳುತ್ತಾ ಹೋದರೆ ಜನ ಎಲ್ಲಾ ನೋವನ್ನೂ ಲಸಿಕೆಯ ತಲೆಗೆ ಕಟ್ಟುತ್ತಾರೆ, ಮುಂದಿನ ಸಲ ಯಾರೂ ಬರುವುದಿಲ್ಲ ಎಂದು. ಕೇಳದೆ ಇದ್ದದ್ದರಿಂದ ಏನಾಯಿತು ನೋಡಿ. 2024ರ ಏಪ್ರಿಲ್ ಕೊನೆಯಲ್ಲಿ, ಕೋವಿಶೀಲ್ಡ್ ಸೂತ್ರದ ಮೂಲ ಕಂಪನಿ ಆಸ್ಟ್ರಾಜೆನೆಕಾ ಬ್ರಿಟನ್ನಿನ ಕೋರ್ಟಿನಲ್ಲಿ ಅಪರೂಪದ ಅಡ್ಡಪರಿಣಾಮವೊಂದನ್ನು ಒಪ್ಪಿಕೊಂಡಿತೆಂದು ಸುದ್ದಿ ಬಂತು. ಪ್ಲೇಟ್ಲೆಟ್ ಇಳಿದು ರಕ್ತ ಹೆಪ್ಪುಗಟ್ಟುವ ತೊಂದರೆ ಅದು, ಬಂದರೆ ಸಾಮಾನ್ಯವಾಗಿ ಲಸಿಕೆಯಾದ ಮೊದಲ ಕೆಲವು ವಾರಗಳಲ್ಲಿ ಬರುವಂಥದ್ದು, ವೈದ್ಯರಿಗೆ 2021ರಲ್ಲೇ ಗೊತ್ತಿದ್ದದ್ದು. ಸಂಧಿವಾತಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಆ ದಿನ ಬಂದರಿನಲ್ಲಿ ಎಲ್ಲರ ಮಾತೂ ಅದೇ. ಅಕ್ಕ ಮನೆಗೆ ಬಂದು ಕೇಳಿದರು: "ನನ್ನ ಕೈ ಹಾಗಾದ್ದು ಅದರಿಂದಲೇ ಅಲ್ವಾ?"

ನನ್ನ ಬಳಿ ಉತ್ತರ ಇರಲಿಲ್ಲ. ಇದ್ದದ್ದು ಒಂದು ಊಹೆ. ಮೂರು ವರ್ಷ ಹಿಂದಿನ ಒಂದು ಹಾಳೆ ಇದ್ದಿದ್ದರೆ, ಇಂಥ ದಿನ ಲಸಿಕೆ, ಇಂಥ ದಿನ ಮಾತ್ರೆ ಬಂದ್, ಇಂಥ ದಿನ ಊತ ಎಂದು, ಡಾಕ್ಟರಿಗೆ ತೋರಿಸಿ ನೋಡಿ ಅಕ್ಕ ಎನ್ನಬಹುದಿತ್ತು. ಹಾಳೆ ಇಲ್ಲದ ಕಡೆ ವಾಟ್ಸಾಪ್ ತುಂಬಿಕೊಳ್ಳುತ್ತದೆ.

ಇಲಾಖೆ ಮಾಡುವವರೆಗೆ ಕಾಯಬೇಕಿಲ್ಲ. ನಮ್ಮೂರಿನ ಪ್ರತಿ ಮನೆಯ ಗೋಡೆಯಲ್ಲೂ ಸೊಸೈಟಿಯವರು ಕೊಟ್ಟ ಕ್ಯಾಲೆಂಡರ್ ಉಂಟು. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆಯುವ ಅದೇ ಚೌಕದಲ್ಲಿ ಒಂದು ಅಂಕಿ ಬರೆಯಿರಿ. ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಿದ್ದರೆ ಹತ್ತು. ಲಸಿಕೆಗೆ ಎರಡು ವಾರ ಮೊದಲೇ ಶುರು ಮಾಡಿ, ಇಲ್ಲದಿದ್ದರೆ ಮೊದಲು ಎಷ್ಟಿತ್ತು ಎಂದೇ ಗೊತ್ತಾಗುವುದಿಲ್ಲ. ಮಾತ್ರೆ ತಪ್ಪಿದ ದಿನ ಒಂದು ಅಡ್ಡಗೆರೆ. ಲಸಿಕೆಯ ಮೇಲೆ ಎರಡು ಮೂರು ದಿನ ಅಂಕಿ ಏರಿ ಇಳಿದರೆ ಅದು ಲಸಿಕೆಯ ಮಾಮೂಲಿ ಜ್ವರ ನೋವು. ವಾರ ದಾಟಿಯೂ ಇಳಿಯದಿದ್ದರೆ, ಗಂಟು ಊದಿದರೆ, ಬೆಳಗಿನ ಬಿಗಿತ ಗಂಟೆಗಟ್ಟಲೆ ಇದ್ದರೆ ಆ ಕ್ಯಾಲೆಂಡರನ್ನೇ ಸುತ್ತಿ ಹಿಡಿದುಕೊಂಡು ಡಾಕ್ಟರಲ್ಲಿಗೆ ಹೋಗಿ. ನಾಚಿಕೆ ಬೇಡ.

ಔಷಧಿ, ಲಸಿಕೆಯ ಅಡ್ಡಪರಿಣಾಮವನ್ನು ರೋಗಿಯೇ ನೇರವಾಗಿ ಸರ್ಕಾರಕ್ಕೆ ತಿಳಿಸಬಹುದು ಎನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. 1800 180 3024 ಎಂಬ ಉಚಿತ ನಂಬರ್ ಉಂಟು, ಜನಸಾಮಾನ್ಯರು ತುಂಬುವ ಫಾರ್ಮ್ ಕನ್ನಡದಲ್ಲೂ ಉಂಟು. ಇಂಥ ದೂರು ದಾಖಲಿಸಿಕೊಳ್ಳುವ ಕೇಂದ್ರಗಳಲ್ಲಿ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನದೂ ಒಂದು, ಮಲ್ಪೆಯಿಂದ ಬಸ್ಸಿನಲ್ಲಿ ಹತ್ತಿದರೆ ಮುಗಿಯಿತು. ಲಸಿಕೆಯೇ ಕಾರಣ ಎಂದು ನೀವು ಸಾಬೀತು ಮಾಡಬೇಕಿಲ್ಲ. ಆದದ್ದನ್ನು ಹೇಳಿದರೆ ಸಾಕು, ಜರಡಿ ಹಿಡಿಯುವುದು ಅವರ ಕೆಲಸ.

ಸರ್ಕಾರದಿಂದ ಕೇಳಬೇಕಾದ ಇನ್ನೊಂದು ಉಂಟು. ಕೋವಿಡ್ ಮುಗಿಯಿತು, ಇವರ ಲಸಿಕೆಯ ಪ್ರಶ್ನೆ ಮುಗಿಯಲಿಲ್ಲ. ಫ್ಲೂ ನಮ್ಮಲ್ಲಿ ಮಳೆಯ ಜೊತೆ ಏರುತ್ತದೆ. ಈ ಮಾತ್ರೆ ತಿನ್ನುವವರು ವರ್ಷಕ್ಕೊಮ್ಮೆ ಫ್ಲೂ ಇಂಜೆಕ್ಷನ್, ಜೊತೆಗೆ ನ್ಯುಮೋನಿಯಾದ ಲಸಿಕೆ ಹಾಕಿಸಿಕೊಳ್ಳಬೇಕೆಂದು ತಜ್ಞರು ಹೇಳುತ್ತಾರೆ. ಮಕ್ಕಳ ಲಸಿಕೆ ಬಿಟ್ಟಿ. ದೊಡ್ಡವರಿಗೆ ಖಾಸಗಿಯಾಗಿ ಹಾಕಿಸಿಕೊಂಡರೆ ಫ್ಲೂ ಒಂದಕ್ಕೇ ಸಾವಿರಕ್ಕೂ ಮೇಲೆ. ಬುಟ್ಟಿ ಹೊರುವವರು ಇದನ್ನು ಪ್ರತಿ ವರ್ಷ ಕೊಡುತ್ತಾರೆ ಎಂದು ನಂಬುವವರು ಮಾರ್ಕೆಟ್ಟಿಗೆ ಬಂದು ಒಂದು ದಿನ ಕೂರಲಿ. ಈ ಔಷಧಿಗಳ ಚೀಟಿ ತೋರಿಸಿದವರಿಗೆ ಆ ಎರಡು ಲಸಿಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗಬೇಕು. ಫ್ಲೂ ಲಸಿಕೆ ಹಿಡಿಯಲು ಎರಡು ವಾರ ಬೇಕು, ಹಾಗಾಗಿ ಮೇ ತಿಂಗಳು ಸರಿಯಾದ ಸಮಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಬಂದರು ಖಾಲಿ, ಹೆಂಗಸರು ಮನೆಯಲ್ಲಿ. ಮೇಯಲ್ಲಿ ಚುಚ್ಚಿ, ಜೂನ್ ಜುಲೈಯಲ್ಲಿ ಹೋಗಿ ಮಾತಾಡಿಸಿ. ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಎರಡು ತಿಂಗಳು ಮಲ್ಪೆಯಲ್ಲಿ ಸಿಗುವುದಿಲ್ಲ.

ಅಕ್ಕ ಈ ಸಲ ಫ್ಲೂ ಇಂಜೆಕ್ಷನ್ ಹಾಕಿಸಿಕೊಂಡರು, ಮಗಳು ದುಡ್ಡು ಕೊಟ್ಟಳು. ಹಾಕಿಸುವ ಮೊದಲು ಡಾಕ್ಟರಲ್ಲಿ ಮಾತ್ರೆಯ ವಿಷಯ ಕೇಳಿ, ಚೀಟಿಯಲ್ಲೇ ಬರೆಸಿಕೊಂಡು ಬಂದರು. ಕ್ಯಾಲೆಂಡರಿನ ಮೇ ಹಾಳೆ ನನಗೆ ತೋರಿಸಿದರು. ನಾಲ್ಕು, ನಾಲ್ಕು, ಮೂರು, ಲಸಿಕೆಯ ದಿನ ಒಂದು ಸುತ್ತು, ಮಾರನೆಯ ದಿನ ಆರು, ಆಮೇಲೆ ಐದು, ಮತ್ತೆ ನಾಲ್ಕು. ಒಂದು ಚೌಕದಲ್ಲಿ ಅಂಕಿಯೇ ಇಲ್ಲ. ಯಾಕೆ ಎಂದು ಕೇಳಿದೆ. ಆ ದಿನ ಅಂಜಲ್‌ಗೆ ಒಳ್ಳೆ ರೇಟ್ ಬಂದಿತ್ತಂತೆ, ಬರೆಯಲು ಮರೆತುಹೋಯಿತಂತೆ.